ಅನುಸೂಯಾ ಅವರ ಹತ್ತೂವರೆ ಕಿಲೋಮೀಟರು

ಬೆಳಗಿನ ಆರೂವರೆ. ಬೆಳಕು ಈಗಷ್ಟೇ ಬಿಡುತ್ತಿದೆ. ಹ್ಯಾಕ್‌ಬೆರಿ ಕ್ರೀಕ್ ಎಂಬ ಪುಟ್ಟ ಸ್ಟೇಷನ್ನಿನ ಹಿಂದಿನ ಶೆಡ್ಡಿನಲ್ಲಿ ಉಗಿ ಎಂಜಿನ್ನಿಗೆ ಬೆಂಕಿ ಹಾಕಿ ಎರಡು ಗಂಟೆಯಾಗಿದೆ. ಹೊಗೆ ಸೋಮಾರಿಯಾಗಿ ತಗಡಿನ ಮೇಲೇ ಸುಳಿದಾಡುತ್ತಿದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹೆಂಗಸೊಬ್ಬರು ಬಗ್ಗಿ, ಹಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎಡ ಮೊಣಕಾಲಿಗೆ ಕಟ್ಟಿದ ಪಟ್ಟಿಯನ್ನು ಬಿಗಿ ಮಾಡುತ್ತಾರೆ. ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲಿಗೇರಿಸಿ ಎರಡು ಹಳಿಗಳ ನಡುವೆ ನಡೆಯಲು ಶುರು ಮಾಡುತ್ತಾರೆ.

ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಸುತ್ತಿಗೆಯಿಂದ ಒಂದು ಮೊಳೆಗೋ ಬೋಲ್ಟಿಗೋ ಹಗುರವಾಗಿ ತಟ್ಟುತ್ತಾರೆ. ತಲೆಯನ್ನು ಕೊಂಚ ಓರೆ ಮಾಡಿ ಕೇಳಿಸಿಕೊಂಡು ಮುಂದೆ ಹೋಗುತ್ತಾರೆ. "ಗಟ್ಟಿ ಇದ್ರೆ ಗಂಟೆ ಥರ ಕೇಳತ್ತೆ, ಸಡಿಲ ಆಗಿದ್ರೆ ಒಡೆದ ಮಡಕೆ ಥರ. ಅಷ್ಟೇ ವಿದ್ಯೆ. ಇದಕ್ಕೇನು ಡಿಗ್ರಿ ಬೇಕಾಗಿಲ್ಲ" ಎನ್ನುತ್ತಾರೆ ಅನುಸೂಯಾ.

ಅನುಸೂಯಾ ಅವರಿಗೆ ಈಗ ಅರವತ್ನಾಲ್ಕು. ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ ಮನೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ನಿವೃತ್ತರಾದವರು. ಹಾಲಿನ ಡಬ್ಬಿ ತರಲೂ ಕಾರು ಹತ್ತುವ ಊರಿನಲ್ಲಿ ಈಕೆ ಪ್ರತಿ ಶನಿವಾರ ನಸುಕಿನಲ್ಲೆದ್ದು, ಒಂದೂಕಾಲು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಆರೂವರೆ ಮೈಲಿ ನಡೆಯುತ್ತಾರೆ. ಅದೂ ಸಂಬಳವಿಲ್ಲದೆ. ಹನ್ನೊಂದು ವರ್ಷದಿಂದ ಇದೇ ಪರಿಪಾಠ. ರೈಲಿನಲ್ಲಿ ಕೂತು ಕಿಟಕಿಯಾಚೆಗೆ ಕೈಬೀಸುವ ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ತಮಗಿಂತ ಮುಂಚೆ ಈ ದಾರಿಯಲ್ಲಿ ಒಬ್ಬರು ನಡೆದು ಹೋಗಿದ್ದಾರೆಂಬುದು ಗೊತ್ತಿಲ್ಲ.

ಹ್ಯಾಕ್‌ಬೆರಿ ಕ್ರೀಕ್ ರೈಲ್ವೆ ಒಂದು ಕಾಲದಲ್ಲಿ ಹತ್ತಿ ಸಾಗಿಸುತ್ತಿದ್ದ ಕವಲು ಮಾರ್ಗ. ಹತ್ತಿ ಲಾರಿ ಹತ್ತಿದ ಮೇಲೆ ಹಳಿ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಆಸ್ಟಿನ್ ಮತ್ತು ಹ್ಯೂಸ್ಟನ್ ನಡುವಿನ ಹಳ್ಳಿಗಳ ರೈಲು ಹುಚ್ಚಿನವರು ಒಂದಿಷ್ಟು ಜನ ಸೇರಿ, ಷೇರು ಹಂಚಿ, ಅದನ್ನು ಕೊಂಡು ಬದುಕಿಸಿದ್ದಾರೆ. ಇರುವುದು ಒಂದು ಉಗಿ ಎಂಜಿನ್ನು, ಎರಡು ಡೀಸೆಲ್ಲು, ಐದು ಬೋಗಿ. ಷೇರಿಗೆ ಲಾಭಾಂಶ ಎಂಬುದಿಲ್ಲ. ಬರುವುದು ವರ್ಷಕ್ಕೊಂದು ಉಚಿತ ಪ್ರಯಾಣ ಮತ್ತು ಒಂದು ವೋಟು. ನೂರು ಷೇರು ಇದ್ದವರಿಗೂ ಒಂದೇ ವೋಟು, ಒಂದು ಷೇರು ಇದ್ದವರಿಗೂ ಒಂದೇ.

ಇದರೊಳಗೆ ಅನುಸೂಯಾ ಬಂದದ್ದು ಕನ್ನಡ ಸಂಘದ ಪಿಕ್ನಿಕ್ಕಿನಿಂದ. ಎಲ್ಲರೂ ಬೋಗಿಯಲ್ಲಿ ಅಂತ್ಯಾಕ್ಷರಿ ಹಾಡುತ್ತಿದ್ದರೆ ಈಕೆ ಕಿಟಕಿಯ ಪಕ್ಕ ಕೂತು ಚಕ್ರದ ಸದ್ದು ಕೇಳುತ್ತಿದ್ದರಂತೆ. ಇಳಿದವರೇ ಹಳಿಯ ಮೇಲ್ವಿಚಾರಕ ಲೆರಾಯ್ ಕೊವಾರ್ ಅವರನ್ನು ಹುಡುಕಿಕೊಂಡು ಹೋಗಿ, ಮೂರನೇ ಮೈಲಿಕಲ್ಲು ದಾಟಿದ ಮೇಲೆ ಎಡಗಡೆ ಹಳಿಯಲ್ಲಿ ಒಂದು ಜೋಡಣೆ ಸಡಿಲವಾಗಿದೆ ಎಂದರು. ಲೆರಾಯ್ ನಕ್ಕರು. ಮರುದಿನ ಹೋಗಿ ನೋಡಿದರು. ಸಂಜೆ ಕೇಟಿಯ ಮನೆಗೆ ಫೋನ್ ಬಂತು.

"ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಕೇಳಿದ್ರು. ನಮ್ಮಪ್ಪ ಕೀಮ್ಯಾನ್ ಅಂದೆ" ಎಂದು ಅನುಸೂಯಾ ನೆನೆಯುತ್ತಾರೆ. ಅಪ್ಪ ತಿಮ್ಮಯ್ಯ ಅರಸೀಕೆರೆ ಕಡೆಯ ಮೀಟರ್ ಗೇಜ್ ಮಾರ್ಗದಲ್ಲಿ ಮೂವತ್ತೊಂದು ವರ್ಷ ದಿನಾ ಹಳಿ ಪರೀಕ್ಷೆ ಮಾಡಿಕೊಂಡು ನಡೆದವರು. ಅವರ ಬೀಟು, ಅಂದರೆ ಅವರ ಪಾಲಿಗೆ ಬಂದ ದಾರಿ, ಏಳು ಕಿಲೋಮೀಟರ್. ಬುತ್ತಿ ಕೊಡಲು ಹೋಗುತ್ತಿದ್ದ ಮಗಳು ಬುತ್ತಿ ಖಾಲಿಯಾಗುವ ತನಕ ಅಪ್ಪನ ಸುತ್ತಿಗೆ ಹಿಡಿದು ಹಳಿ ತಟ್ಟುತ್ತಿದ್ದಳು. ಸಂಜೆ ಮನೆಗೆ ಬಂದು ತಿಮ್ಮಯ್ಯ ಒಂದು ಡೈರಿಯಲ್ಲಿ ತಾರೀಖು, ದೂರ, ಕಂಡದ್ದು ಇಷ್ಟನ್ನು ಬರೆಯುತ್ತಿದ್ದರು. ಏನೂ ಕಾಣದ ದಿನ "ದಾರಿ ಸರಿ ಇದೆ" ಎಂಬ ಮೂರೇ ಪದ.

"ಅಪ್ಪ ರಿಟೈರ್ ಆದ್ಮೇಲೆ ಬ್ರಾಡ್ ಗೇಜ್ ಬಂತು. ಒಳ್ಳೇದೇ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಅವರು ನಡೆದ ಹಳಿ ಕಿತ್ತು ರಾಶಿ ಹಾಕಿದ್ರಲ್ಲ, ಅದನ್ನ ನೋಡಕ್ಕೆ ಅಂತ ಒಬ್ರೇ ಹೋಗಿ ಬಂದ್ರು. ಬಂದು ಊಟ ಬೇಡ ಅಂದ್ರು." ಅನುಸೂಯಾ ಅಷ್ಟು ಹೇಳಿ ಮತ್ತೊಂದು ಬೋಲ್ಟು ತಟ್ಟುತ್ತಾರೆ.

ಅವರ ಜಾಕೆಟ್ಟಿನ ಜೇಬಿನಲ್ಲೂ ಅಂಥದ್ದೇ ಒಂದು ನೋಟ್‌ಬುಕ್ಕಿದೆ. ಇದು ಹದಿನಾಲ್ಕನೆಯದು. ಸಂಸ್ಥೆಗೆ ಕೊಡುವ ವರದಿ ಇಂಗ್ಲಿಷಿನಲ್ಲಿ, ಮೈಲಿ ಲೆಕ್ಕದಲ್ಲಿ. ತಮಗಾಗಿ ಬರೆದುಕೊಳ್ಳುವುದು ಕನ್ನಡದಲ್ಲಿ, ಕಿಲೋಮೀಟರಿನಲ್ಲಿ. ಒಂದು ಸಲದ ನಡಿಗೆಗೆ ಸುಮಾರು ನಾಲ್ಕು ಗಂಟೆ. ಕಾಲಡಿಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡ ಹಾಸಿದ ಮರದ ದಿಮ್ಮಿ. ವರ್ಷಕ್ಕೆ ನಲವತ್ತು ಶನಿವಾರವಂತೂ ಆಗುತ್ತದೆ. ಕೆಂಜಿರುವೆ ಕಚ್ಚಿದ ಕಲೆ ಎರಡೂ ಕಾಲಿನಲ್ಲಿವೆ. ಎರಡು ಬಾರಿ ಹಾವು ಅಡ್ಡ ಬಂದಿದೆ. ಆಗಸ್ಟಿನ ಬಿಸಿಲಲ್ಲಿ ಒಮ್ಮೆ ತಲೆ ಸುತ್ತಿ ಹುಲ್ಲಿನ ಮೇಲೆ ಕೂತದ್ದನ್ನು ಗಂಡನಿಗೆ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಓದಿ ತಿಳಿಯಲಿ ಬಿಡಿ ಎಂದು ನಗುತ್ತಾರೆ.

ಗಂಡ ಚಂದ್ರಮೋಹನ ಇಂಧನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದವರು. ಹೆಂಡತಿ ನಡೆಯುವಷ್ಟು ಹೊತ್ತು ಸ್ಟೇಷನ್ನಿನ ಬೆಂಚಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂರುವುದು ಅವರ ಪಾಲಿನ ಸೇವೆ. ಅವರಿಗೊಂದು ಚಟವಿದೆ. ಕೈಗೆ ಸಿಕ್ಕ ಕಾಗದವನ್ನೆಲ್ಲ ಲ್ಯಾಮಿನೇಟ್ ಮಾಡುವುದು. ಮಾರ್ಕ್ಸ್ ಕಾರ್ಡು, ಜಾತಕ, ಫ್ರಿಜ್ಜಿನ ಗ್ಯಾರಂಟಿ ಚೀಟಿ, ಸತ್ಯನಾರಾಯಣ ಪೂಜೆಯ ಸಾಮಾನಿನ ಪಟ್ಟಿ, ಯಾವುದನ್ನೂ ಬಿಟ್ಟವರಲ್ಲ. ಅದಕ್ಕೆಂದೇ ಮನೆಯಲ್ಲಿ ಮೆಷೀನಿದೆ. ಈ ಚಟವೇ ಈ ವರ್ಷ ರೈಲಿಗೆ ಕುತ್ತಾಗಿ ಬಂತು.

ಆದದ್ದಿಷ್ಟು. ಯಾರ ಮನೆಯ ಗೃಹಪ್ರವೇಶ, ನಾಮಕರಣ, ಮದುವೆಗೆ ಹೋದರೂ ಅನುಸೂಯಾ ಮುಯ್ಯಿ ಎಂದು ಕೊಡುವುದು ಹ್ಯಾಕ್‌ಬೆರಿ ಕ್ರೀಕ್ ರೈಲ್ವೆಯ ಒಂದು ಷೇರು. ಬೆಳ್ಳಿ ಬಟ್ಟಲು, ಕುಕ್ಕರು ಎಲ್ಲರ ಮನೆಯಲ್ಲೂ ಇವೆ, ರೈಲು ಯಾರ ಮನೆಯಲ್ಲಿದೆ ಎಂಬುದು ಅವರ ವಾದ. ಷೇರು ಪತ್ರ ನೋಡಲೂ ಚೆನ್ನ. ಸುತ್ತ ಚಿನ್ನದ ಬಣ್ಣದ ಅಂಚು, ನಡುವೆ ಹೊಗೆ ಬಿಡುವ ಎಂಜಿನ್ನು, ಕೆಳಗೆ ಮನೆಯವರ ಹೆಸರು. ಕೆಲವರು ಅದನ್ನು ದೇವರ ಮನೆಯಲ್ಲೇ ಇಟ್ಟು ಕುಂಕುಮ ಹಚ್ಚಿದ್ದಾರೆ. ಹೀಗೆ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸೇರಿ ಅರವತ್ತೊಂದು ಕನ್ನಡಿಗರು ತಮಗೇ ಸರಿಯಾಗಿ ಗೊತ್ತಿಲ್ಲದಂತೆ ರೈಲಿನ ಒಡೆಯರಾದರು. ಹೆಂಡತಿ ಉಡುಗೊರೆ ಕೊಡುವ ಮುಂಚೆ ಗಂಡ ಅಷ್ಟನ್ನೂ ಒಂದೊಂದಾಗಿ ಮೆಷೀನಿಗೆ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂರಿಸಿ ಕೊಟ್ಟಿದ್ದರು.

ಫೆಬ್ರುವರಿಯಲ್ಲಿ ಆಡಳಿತ ಮಂಡಳಿಯಿಂದ ಎಲ್ಲ ಷೇರುದಾರರಿಗೆ ಪತ್ರ ಬಂತು. ನಾಲ್ಕನೇ ಮೈಲಿಯಲ್ಲಿರುವ ಮರದ ಸೇತುವೆಯ ನಿರ್ವಹಣೆ ಕಷ್ಟವಾಗುತ್ತಿದೆ, ಆದ್ದರಿಂದ ಸೇತುವೆಯಿಂದಾಚೆಯ ಎರಡೂವರೆ ಮೈಲಿಯನ್ನು ಗೋದಾಮು ಕಟ್ಟುವವರಿಗೆ ಮಾರಿ, ರೈಲನ್ನು ಈಚೆಯೇ ತಿರುಗಿಸುವುದು ಎಂಬ ಪ್ರಸ್ತಾಪ. ಏಪ್ರಿಲ್ಲಿನ ವಾರ್ಷಿಕ ಸಭೆಯಲ್ಲಿ ವೋಟು. ಬರಲಾಗದವರು ಷೇರು ಪತ್ರದ ಹಿಂಬದಿಯಲ್ಲಿ ತಮ್ಮ ವೋಟು ಬರೆದು, ಶಾಯಿಯಿಂದ ಸಹಿ ಮಾಡಿ ಅಂಚೆಯಲ್ಲಿ ಕಳಿಸಬಹುದು.

ಅನುಸೂಯಾ ಆ ರಾತ್ರಿ ಊಟ ಬೇಡ ಎಂದರು. ಅಪ್ಪನದೇ ಪಾಠ. ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಮೊದಲ ಫೋನು ಹಚ್ಚಿದ್ದು ಪೇರ್ಲ್ಯಾಂಡಿನ ಡಾಕ್ಟರ್ ವಾಣಿಶ್ರೀಗೆ. ಮಾರೋದು ಬೇಡ ಅಂತ ಬರೆದು ಸಹಿ ಮಾಡಿ ಕಳಿಸಮ್ಮ ಎಂದರು. ಎರಡು ನಿಮಿಷದಲ್ಲಿ ವಾಣಿಶ್ರೀ ವಾಪಸ್ ಫೋನ್ ಮಾಡಿದರು. "ಆಂಟಿ, ಸೈನ್ ಕೂತ್ಕೋತಾನೇ ಇಲ್ಲ. ಪೆನ್ನು ಜಾರತ್ತೆ. ಮಾರ್ಕರಲ್ಲಿ ಹಾಕಿದೆ, ಬೆರಳು ತಾಗಿದ್ರೆ ಅಳಿಸಿಹೋಗತ್ತೆ."

ಡಲ್ಲಾಸ್ ಬಳಿಯ ಲಾಸ್ ಕೊಲಿನಾಸಿನಲ್ಲಿ ಸಾಫ್ಟ್‌ವೇರ್ ಕನ್ಸಲ್ಟಂಟಾಗಿರುವ ಹುಬ್ಬಳ್ಳಿಯ ಇರಣ್ಣ ಇನ್ನೊಂದು ಹೆಜ್ಜೆ ಮುಂದೆ ಹೋದರು. "ಅಕ್ಕಾರ, ಬಿಸಿ ಮಾಡಿದ್ರ ಪ್ಲಾಸ್ಟಿಕ್ ಬಿಡ್ತದ ಅಂತ ಇಸ್ತ್ರಿ ಪೆಟಗಿ ಇಟ್ಟೆ ನೋಡ್ರಿ. ಅರ್ಧಾ ಎಂಜಿನ್ ಪ್ಲಾಸ್ಟಿಕ್ಕಿನ ಜೋಡಿ ಕಿತ್ತು ಬಂತ್ರಿ" ಎಂದು ಫೋಟೋ ಸಮೇತ ತಪ್ಪೊಪ್ಪಿಕೊಂಡರು.

ಚಂದ್ರಮೋಹನರ ಮುಖ ನೋಡುವ ಹಾಗಿರಲಿಲ್ಲವಂತೆ. ಬೆಂಚಿನ ಮೇಲೆ ಕೂತು ಅವರು ಈಗಲೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. "ಅವಳು ಹನ್ನೊಂದು ವರ್ಷ ನಡೆದು ಕಾಪಾಡಿದ್ದನ್ನ ನಾನು ಪ್ಲಾಸ್ಟಿಕ್ಕಲ್ಲಿ ಸುತ್ತಿ ಕೂರಿಸಿಬಿಟ್ಟೆ. ಜೋಪಾನ ಆಗಿರಲಿ ಅಂತಲೇ ಮಾಡಿದ್ದು ಸ್ವಾಮಿ. ಬೈದಿದ್ರೆ ವಾಸಿ ಇತ್ತು. ಅವಳು ಬೈಲೂ ಇಲ್ಲ."

ಹೊಸ ಪತ್ರ ಕೊಡುವ ಪದ್ಧತಿ ಸಂಸ್ಥೆಯಲ್ಲಿಲ್ಲ. ಉಳಿದದ್ದು ಒಂದೇ ದಾರಿ. ಅರವತ್ತೊಂದು ಜನರೂ ಸ್ವತಃ ಬರಬೇಕು. ಫೋನು ಮಾಡಿದರೆ ಬರುತ್ತಾರೆಯೇ? ಮನೆಗೆ ಹೋಗಿ ಕರೆಯದೆ ನಮ್ಮವರು ಎಲ್ಲಿಗೆ ಬಂದಿದ್ದಾರೆ? ಚಂದ್ರಮೋಹನ ಕಾರು ತೆಗೆದರು. ಆರು ಭಾನುವಾರ ಗಂಡ ಹೆಂಡತಿ ಕೇಟಿಯಿಂದ ಪೇರ್ಲ್ಯಾಂಡು, ಆಸ್ಟಿನ್ನು, ಡಲ್ಲಾಸ್ ಎಂದು ಅಲೆದು, ಪ್ರತಿ ಮನೆಯಲ್ಲೂ ಕುಂಕುಮವಿಟ್ಟು, ಅಕ್ಷತೆ ಕೊಟ್ಟು, ಮಗಳ ಮದುವೆಗೆ ಕರೆದ ಹಾಗೆ ಷೇರುದಾರರ ಸಭೆಗೆ ಕರೆದರು. ಕೆಲವು ಮನೆಗಳಲ್ಲಿ ಮದುವೆ ಯಾರದೆಂದೇ ಕೇಳಿದರಂತೆ.

ಇವತ್ತು ಆ ಸಭೆಯ ಶನಿವಾರ. ಮಧ್ಯಾಹ್ನ ಎರಡಕ್ಕೆ ಸಭೆ. ಅದಕ್ಕೆ ಮುಂಚೆ ಹನ್ನೊಂದೂವರೆಗೆ ಷೇರುದಾರರಿಗೆಲ್ಲ ರೈಲು ಪ್ರಯಾಣ. ಅದಕ್ಕೂ ಮುಂಚೆ ಯಾವತ್ತಿನಂತೆ ಅನುಸೂಯಾ ಅವರ ನಡಿಗೆ. ಹಳಿಯ ಎರಡೂ ಬದಿಯಲ್ಲಿ ನೀಲಿ ಹೂ ಒತ್ತಾಗಿ ಅರಳಿವೆ, ಬೇಲಿಯಾಚೆ ದನಗಳು ಮೇಯುವುದನ್ನು ಬಿಟ್ಟು ಈಕೆಯನ್ನು ನೋಡುತ್ತಿವೆ. ಒಂಬತ್ತರ ಹೊತ್ತಿಗೆ ಅವರು ಸೇತುವೆ ತಲುಪಿದ್ದಾರೆ. ಪಕ್ಕಕ್ಕೆ ಕಟಕಟೆಯಿಲ್ಲ, ಸ್ಲೀಪರುಗಳ ನಡುವೆ ಕೆಳಗೆ ಹಳ್ಳದ ನೀರು ಕಾಣುತ್ತದೆ. ಇಲ್ಲಿ ಒಂದು ಸ್ಲೀಪರನ್ನೂ ಬಿಡದೆ ತಟ್ಟುತ್ತಾರೆ.

ನಡುಸೇತುವೆಯಲ್ಲಿ ಸುತ್ತಿಗೆಯ ಸದ್ದು ಬದಲಾಗುತ್ತದೆ. ಮತ್ತೊಮ್ಮೆ ತಟ್ಟುತ್ತಾರೆ. ಮೊಣಕಾಲೂರಿ ಕೂತು ಟಾರ್ಚ್ ಬಿಡುತ್ತಾರೆ. ಹಳಿಯ ಜೋಡಣೆಯ ಕೆಳಗಿನ ಸ್ಲೀಪರು ಉದ್ದಕ್ಕೆ ಸೀಳಿದೆ. ಹಳದಿ ಸೀಮೆಸುಣ್ಣದಲ್ಲಿ ಅದಕ್ಕೆ ಗುರುತು ಹಾಕುತ್ತಾರೆ.

ವಾಕಿಟಾಕಿಯಲ್ಲಿ ಕರೆದಾಗ ಲೆರಾಯ್ ತಮ್ಮ ಮೋಟಾರ್ ಟ್ರಾಲಿಯಲ್ಲಿ ಬರುತ್ತಾರೆ. ಜೊತೆಗೆ ಚಂದ್ರಮೋಹನರೂ ಇದ್ದಾರೆ. ಎಪ್ಪತ್ತೆಂಟರ ಲೆರಾಯ್ ಬಗ್ಗಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಇವತ್ತು ರೈಲು ಸೇತುವೆ ಹತ್ತುವಂತಿಲ್ಲ. ಆ ಮಾತಿಗೆ ಯಾರ ತಕರಾರೂ ಇಲ್ಲ. ತಕರಾರಿರುವುದು ವರದಿಯ ಬಗ್ಗೆ. ಆ ದಿನದ ಹಳಿ ವರದಿಯನ್ನು ಓದಿಯೇ ವಾರ್ಷಿಕ ಸಭೆ ಶುರುಮಾಡುವುದು ಇಲ್ಲಿಯ ಹಳೆಯ ರೂಢಿ. ಸೇತುವೆ ಕೆಟ್ಟಿದೆ ಎಂದು ವಾದಿಸುವವರ ಕೈಗೆ ಈ ವರದಿಗಿಂತ ಒಳ್ಳೆಯ ದೊಣ್ಣೆ ಬೇಕಿಲ್ಲ.

"ರೈಲು ಇಲ್ಲೇ ನಿಲ್ಲಿಸೋಣ. ಕಾರಣ ಮಾತ್ರ ಸಭೆ ಮುಗಿದ್ಮೇಲೆ ಬರೆದ್ರೆ ಆಗಲ್ವೇನೆ?" ಚಂದ್ರಮೋಹನ ಕೇಳುತ್ತಾರೆ.

"ಪೇಷೆಂಟ್ ಮನೇಲಿ ಮದುವೆ ಇದೆ ಅಂತ ಲ್ಯಾಬಲ್ಲಿ ನಾವು ರಿಪೋರ್ಟ್ ತಡ ಮಾಡ್ತಿದ್ವಾ?"

"ಅಲ್ಲ ಕಣೇ, ಇವತ್ತೊಂದಿನ."

"ಇವತ್ತೊಂದಿನ ಬರೀದಿದ್ರೆ, ಇಷ್ಟು ವರ್ಷ ಬರೆದಿದ್ದನ್ನ ಯಾರು ನಂಬ್ತಾರ್ರೀ?" ಅನುಸೂಯಾ ನೋಟ್‌ಬುಕ್ಕು ತೆಗೆಯುತ್ತಾರೆ. ಲೆರಾಯ್‌ಗೆ ಕನ್ನಡ ತಿಳಿಯದಿದ್ದರೂ ನಡೆದದ್ದು ತಿಳಿದಂತಿದೆ. ಅವರು ತಮ್ಮ ಪೆನ್ನನ್ನು ಆಕೆಗೆ ಕೊಡುತ್ತಾರೆ. ಸೇತುವೆ ದಾಟಿ ಉಳಿದ ಎರಡೂವರೆ ಮೈಲಿಯನ್ನೂ ಆಕೆ ನಡೆದೇ ಮುಗಿಸುತ್ತಾರೆ. ಈವತ್ತು ಅಲ್ಲಿಗೆ ರೈಲು ಬರುವುದಿಲ್ಲವಲ್ಲ ಎಂದರೆ, "ಬೀಟು ಬೀಟೇ" ಎನ್ನುತ್ತಾರೆ.

ಹನ್ನೊಂದರ ಹೊತ್ತಿಗೆ ಸ್ಟೇಷನ್ನಿನ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಆ ತುದಿಯಿಂದ ಗಂಡನ ಕಾರಿನಲ್ಲಿ ವಾಪಸ್ ಬಂದ ಅನುಸೂಯಾ ದೂರದಿಂದಲೇ ತಲೆ ಎಣಿಸುತ್ತಿದ್ದಾರೆ. ವಾಣಿಶ್ರೀ ಆಸ್ಪತ್ರೆಯ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದಾರೆ. ಇರಣ್ಣ ಡಲ್ಲಾಸ್ ಕಡೆಯಿಂದ ನಾಲ್ಕು ಗಂಟೆ ಡ್ರೈವ್ ಮಾಡಿ, ಅರ್ಧ ಎಂಜಿನ್ನಿನ ಷೇರು ಪತ್ರವನ್ನು ಕೈಲಿ ಹಿಡಿದೇ ಇಳಿಯುತ್ತಾರೆ. ಒಟ್ಟು ನಲವತ್ತೇಳು ಮಂದಿ. ಜೊತೆಗೆ ಡಬ್ಬಿಗಟ್ಟಲೆ ಪುಳಿಯೋಗರೆ, ಮೊಸರನ್ನ. ಹಳೆಯ ಸದಸ್ಯರೊಬ್ಬರು ಇವರೆಲ್ಲ ಯಾರು ಎಂದು ಹುಬ್ಬು ಗಂಟಿಕ್ಕುತ್ತಾರೆ. "ಒಡೆಯರು" ಎಂದು ಲೆರಾಯ್ ಚುಟುಕಾಗಿ ಉತ್ತರಿಸುತ್ತಾರೆ.

ರೈಲು ಹೊರಡುತ್ತದೆ, ನಾಲ್ಕನೇ ಮೈಲಿಯಲ್ಲಿ ನಿಲ್ಲುತ್ತದೆ. ಮಂಡಳಿಯವರು ಇನ್ನು ಮೇಲೆ ಯಾವಾಗಲೂ ನಿಲ್ಲಲಿ ಎಂದು ಬಯಸಿದ ಜಾಗದಲ್ಲೇ, ಅನುಸೂಯಾ ಅವರ ಸೀಮೆಸುಣ್ಣಕ್ಕೆ ನಿಲ್ಲುತ್ತದೆ. ಜನ ಇಳಿದು ಸೇತುವೆಯನ್ನೂ ಅದರಾಚೆ ನೀಲಿ ಹೂವಿನ ನಡುವೆ ಮುಂದಕ್ಕೆ ಹೋಗಿರುವ ಹಳಿಯನ್ನೂ ನೋಡುತ್ತ ನಿಲ್ಲುತ್ತಾರೆ. "ಅಷ್ಟು ದೂರದಿಂದ ಬಂದು ಆ ಕಡೆ ಹೋಗಕ್ಕಾಗಲ್ವಾ ಆಂಟಿ?" ಎಂದು ವಾಣಿಶ್ರೀ ಕೇಳುತ್ತಾರೆ. ಇವತ್ತಿಲ್ಲ ಎಂದು ಅನುಸೂಯಾ ತಲೆಯಾಡಿಸುತ್ತಾರೆ.

ಸಭೆಯಲ್ಲಿ ಲೆರಾಯ್ ವರದಿ ಓದುತ್ತಾರೆ. ಸೀಳಿದ ಸ್ಲೀಪರಿನ ಸಾಲು ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದು, ನಮಗಿಂತ ಚೆನ್ನಾಗಿ ಹಳಿಯೇ ವಾದ ಮಾಡುತ್ತಿದೆ ಎನ್ನುತ್ತಾರೆ. ಮಾತಿನಲ್ಲಿ ಕೊಂಕಿಲ್ಲ, ಆಯಾಸವಿದೆ. ನಿಮ್ಮ ಮೊಣಕಾಲಿಗೂ ವಿಶ್ರಾಂತಿ ಸಿಗುತ್ತದೆ ಎಂದು ಅನುಸೂಯಾ ಕಡೆ ನೋಡಿ ನಗುತ್ತಾರೆ. ಅನುಸೂಯಾ ಎದ್ದು ನಿಲ್ಲುತ್ತಾರೆ. ಹನ್ನೊಂದು ವರ್ಷದಲ್ಲಿ ಈ ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆದವರಲ್ಲ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ. ಸೀಳಿರುವುದು ಒಂದು ಸ್ಲೀಪರು. ಸೇತುವೆಯ ಮೇಲೆ ನೂರ ನಲವತ್ತೆರಡಿವೆ. ಉಳಿದ ನೂರ ನಲವತ್ತೊಂದನ್ನೂ ಇವತ್ತು ಬೆಳಿಗ್ಗೆ ತಟ್ಟಿ ನೋಡಿದ್ದೇನೆ. ಅವು ಗಟ್ಟಿಯಾಗಿವೆ. ಅದೂ ಅದೇ ವರದಿಯ ಮುಂದಿನ ಸಾಲಿನಲ್ಲಿದೆ, ದಯವಿಟ್ಟು ಅದನ್ನೂ ಓದಿ.

ಲೆರಾಯ್ ಓದುತ್ತಾರೆ. ಆಮೇಲೆ ವೋಟು. ಚೀಟಿ ಎಣಿಸಿ ಮುಗಿಯುವಾಗ ಮೂರೂಮುಕ್ಕಾಲು. ಮಾರಲು ಒಪ್ಪಿದವರು ನೂರ ಇಪ್ಪತ್ತೊಂದು, ಬೇಡವೆಂದವರು ನೂರ ಮೂವತ್ತು. ಚಂದ್ರಮೋಹನ ಕೈವಸ್ತ್ರದಿಂದ ಕಣ್ಣೊರೆಸಿಕೊಂಡು, ಧೂಳು ಎನ್ನುತ್ತಾರೆ. ಇರಣ್ಣ ತಮ್ಮ ಅರ್ಧ ಎಂಜಿನ್ನನ್ನು ಅವರಿಗೆ ತೋರಿಸಿ, "ಸರ, ಇದನ್ನ ಇನ್ನೊಮ್ಮೆ ಲ್ಯಾಮಿನೇಟ್ ಮಾಡಿಕೊಡ್ರಲಾ" ಎಂದಾಗ ಸುತ್ತ ನಿಂತವರೆಲ್ಲ ನಗುತ್ತಾರೆ. ಚಂದ್ರಮೋಹನ ಮೆಷೀನನ್ನು ಅಟ್ಟಕ್ಕೆ ಹಾಕಿ ತಿಂಗಳಾಯಿತಂತೆ.

ಅಧ್ಯಕ್ಷರು ಹೋಗುವ ಮುಂಚೆ ಅನುಸೂಯಾ ಅವರ ಕೈ ಕುಲುಕಿದರು. ನೀವು ಸೀಳಿನ ಸಾಲು ಬರೆಯದಿದ್ದರೆ, ಉಳಿದವು ಗಟ್ಟಿ ಎಂಬುದನ್ನು ನಂಬದೆ ನಾನೇ ಸೇತುವೆಗೆ ಹೋಗಿ ನೋಡುತ್ತಿದ್ದೆ, ಈಗ ಅದು ಬೇಕಾಗಿಲ್ಲ ಎಂದರು. ಅವರೂ ಮಾರುವುದಕ್ಕೆ ವೋಟು ಹಾಕಿದ್ದವರೇ.

ಮರು ಶನಿವಾರ. ವಾರದ ನಡುವೆ ಲೆರಾಯ್ ಮತ್ತು ಗೆಳೆಯರು ಸೀಳಿದ ಸ್ಲೀಪರನ್ನು ತೆಗೆದು ಹೊಸದು ಕೂರಿಸಿದ್ದಾರೆ. ಹೊಸ ಮರದ ವಾಸನೆ ಇನ್ನೂ ಹೋಗಿಲ್ಲ. ಅನುಸೂಯಾ ಅದನ್ನು ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳಿ, ಮುಂದೆ ನಡೆಯುತ್ತಾರೆ. ಕೊನೆಯ ಮೈಲಿಕಲ್ಲಿನ ಹತ್ತಿರ ಹುಲ್ಲಿನ ಮೇಲೆ ಕೂತು, ಲೆರಾಯ್ ತಂದ, ಅವರ ಜೆಕ್ ಅಜ್ಜಂದಿರ ಕಾಲದ ಸಿಹಿ ಬನ್ನು ತಿನ್ನುತ್ತ, ತಾವು ತಂದ ಅವಲಕ್ಕಿಯನ್ನು ಅವರಿಗೆ ದಾಟಿಸುತ್ತಾರೆ. ಮುಂದೇನಾಗಬೇಕೆಂದು ಕೇಳಿದರೆ ಯೋಚಿಸುತ್ತಾರೆ. "ಮೊಣಕಾಲು ಇನ್ನೊಂದು ನಾಲ್ಕೈದು ವರ್ಷ ಮಾತು ಕೇಳಿದ್ರೆ ಸಾಕು. ಅಷ್ಟರಲ್ಲಿ ಯಾರಾದ್ರೂ ಈ ಸದ್ದು ಕಲೀಲಿ. ವಾಣಿಶ್ರೀ ಒಂದಿನ ಬರ್ತೀನಿ ಅಂದಿದಾಳೆ. ಸ್ಟೆತಾಸ್ಕೋಪ್ ಹಾಕಿ ಕೇಳೋಳು, ಬೇಗ ಹಿಡೀತಾಳೆ."

ದೂರದಲ್ಲಿ ರೈಲು ಕೂಗುತ್ತದೆ. ಅದು ಸೇತುವೆ ದಾಟುವ ಸದ್ದು ನಿಲ್ಲುವ ತನಕ ಅನುಸೂಯಾ ಅಗಿಯುವುದನ್ನೂ ಬಿಟ್ಟು ಕೂರುತ್ತಾರೆ. ಆಮೇಲೆ ನೋಟ್‌ಬುಕ್ಕು ತೆಗೆದು ತಾರೀಖು ಹಾಕುತ್ತಾರೆ, ದೂರ ಬರೆಯುತ್ತಾರೆ, ಅದರ ಕೆಳಗೆ ದಾರಿ ಸರಿ ಇದೆ ಎಂದು ಬರೆಯುತ್ತಾರೆ. ಬರೆದದ್ದನ್ನು ಒಮ್ಮೆ ನೋಡಿ ಪುಸ್ತಕ ಮುಚ್ಚುತ್ತಾರೆ.

"ಸೇತುವೆಗೇ ನಿಲ್ಲಿಸಿದ್ರೆ ನಂದು ಆರೂವರೆ ಕಿಲೋಮೀಟರ್ ಆಗ್ತಿತ್ತು. ನಮ್ಮಪ್ಪಂದು ಏಳು" ಎನ್ನುತ್ತಾರೆ ಅನುಸೂಯಾ, ಮೊಣಕಾಲು ನೀವಿಕೊಂಡು ಏಳುತ್ತ. "ಇವತ್ತೂ ಹತ್ತೂವರೆ ನಡೆದಿದೀನಿ."